ತಿಳಿಯದಿದ್ದರೂ ನಿಲ್ಲುವ ಹರಾಜು

ಹರಾಜಿನ ನಿಯಮ ಬರೆಯುವವರಿಗೆ ಕೊಳ್ಳುವವರ ಮನಸ್ಸು ಎಷ್ಟು ಗೊತ್ತಿರಬೇಕು? ಆದಷ್ಟು ಕಡಿಮೆ ಗೊತ್ತಿದ್ದರೂ ನಡೆಯುವ ನಿಯಮವೇ ಒಳ್ಳೆಯದು ಎಂಬುದು ನನ್ನ ನಿಲುವು.

1961ರಲ್ಲಿ ವಿಲಿಯಂ ವಿಕ್ರಿ ಒಂದು ಹರಾಜನ್ನು ವಿವರಿಸಿದರು. ಎಲ್ಲರೂ ಮುಚ್ಚಿದ ಲಕೋಟೆಯಲ್ಲಿ ಬೆಲೆ ಬರೆದು ಕೊಡುತ್ತಾರೆ. ಹೆಚ್ಚು ಬರೆದವರಿಗೆ ವಸ್ತು, ಆದರೆ ಅವರು ಕಟ್ಟುವುದು ಎರಡನೆಯವರು ಬರೆದ ಮೊತ್ತವನ್ನು. ವಸ್ತು ನನಗೆ ನೂರು ರೂಪಾಯಿ ಬಾಳುವುದಾದರೆ ನೂರೆಂದೇ ಬರೆಯುವುದು ಲೇಸು. ಕಡಿಮೆ ಬರೆದರೆ ಗೆದ್ದಾಗ ಕಟ್ಟುವ ಹಣವೇನೂ ಇಳಿಯದು, ಲಾಭದ ವಸ್ತು ಮಾತ್ರ ಕೈತಪ್ಪೀತು. ಹೆಚ್ಚು ಬರೆದರೆ ನಷ್ಟಕ್ಕೆ ಕೊಂಡೇನು. ಪಕ್ಕದವರ ಲೆಕ್ಕಾಚಾರ ನನಗೆ ಬೇಕೇ ಇಲ್ಲ.

ಮುಂದೆ ಗಣಿತ ಇನ್ನೂ ಚುರುಕಾಯಿತು. ಕೊಳ್ಳುವವರ ಅಂದಾಜುಗಳ ನಡುವೆ ತುಸು ನಂಟಿದ್ದರೂ ಮಾರುವವರು ಅವರ ಲಾಭವನ್ನೆಲ್ಲ ಹಿಂಡಿಕೊಳ್ಳಬಹುದೆಂದು 1980ರ ದಶಕದಲ್ಲಿ ಜಾಕ್ ಕ್ರೆಮರ್ ಮತ್ತು ರಿಚರ್ಡ್ ಮೆಕ್ಲೀನ್ ತೋರಿಸಿದರು. ಉಪಾಯ ಇಷ್ಟು: ನನ್ನ ಅಂದಾಜು ಹೆಚ್ಚಿದ್ದರೆ ನಿಮ್ಮದೂ ಹೆಚ್ಚಿರುವ ಸಂಭವ ಜಾಸ್ತಿ, ಹಾಗಾಗಿ ನೀವು ಏನು ಹೇಳುತ್ತೀರಿ ಎಂಬುದರ ಮೇಲೆ ನನ್ನಿಂದ ಪಣ ಕಟ್ಟಿಸುವುದು. ಸುಳ್ಳು ಹೇಳಿದರೆ ಆ ಪಣದಲ್ಲಿ ನನಗೆ ಸರಾಸರಿ ನಷ್ಟ. ಸಾಧನೆಯಲ್ಲಿ ದೋಷವಿಲ್ಲ. ಆದರೆ ಆ ಸಂಭವಗಳೆಲ್ಲ ಮಾರುವವರಿಗೆ ಕರಾರುವಾಕ್ಕಾಗಿ ತಿಳಿದಿರಬೇಕು. ನಂಟು ಸಡಿಲವಾದಷ್ಟೂ ಪಣ ದೈತ್ಯವಾಗುತ್ತ ಹೋಗುತ್ತದೆ. ಇದನ್ನು ನಂಬಿ ಹಣ ಕಟ್ಟುವವರು ಯಾರು?

ಎಲ್ಲರಿಗೂ ಎಲ್ಲರ ಬಗ್ಗೆ ಗೊತ್ತಿದೆ ಎಂಬ ಊಹೆಯನ್ನು ಒಂದೊಂದಾಗಿ ಸಡಿಲಿಸುತ್ತ ಹೋದರೆ ಮಾತ್ರ ಈ ಶಾಸ್ತ್ರ ವ್ಯವಹಾರಕ್ಕೆ ಹತ್ತಿರವಾಗುತ್ತದೆಂದು ರಾಬರ್ಟ್ ವಿಲ್ಸನ್ 1987ರಲ್ಲಿ ವಾದಿಸಿದರು. ಡಿರ್ಕ್ ಬರ್ಗೆಮನ್ ಮತ್ತು ಸ್ಟೀಫನ್ ಮಾರಿಸ್ 2005ರಲ್ಲಿ ಅದಕ್ಕೆ ಗಣಿತದ ರೂಪ ಕೊಟ್ಟರು.

ಕಡಿಮೆ ತಿಳಿದು ನಡೆಸುವ ನಿಯಮಕ್ಕೂ ಬೆಲೆ ತೆರಬೇಕಾಗುತ್ತದೆ, ಅದನ್ನು ಮುಚ್ಚಿಡಲಾರೆ. 1990ರಲ್ಲಿ ನ್ಯೂಜಿಲೆಂಡ್ ಸರ್ಕಾರ ರೇಡಿಯೊ ತರಂಗಾಂತರಗಳನ್ನು ವಿಕ್ರಿ ಪದ್ಧತಿಯಲ್ಲಿ, ಕನಿಷ್ಠ ಬೆಲೆ ಗೊತ್ತುಮಾಡದೆ ಹರಾಜು ಹಾಕಿತು. ಒಂದು ಲಕ್ಷ ಡಾಲರ್ ಬರೆದವರೊಬ್ಬರು ಕಟ್ಟಿದ್ದು 6 ಡಾಲರ್! ಎರಡನೆಯ ಲಕೋಟೆಯಲ್ಲಿ ಇದ್ದದ್ದೇ ಅಷ್ಟು. ಜನ ಸಿಟ್ಟಾದರು, ಸಿಟ್ಟು ನ್ಯಾಯವೇ.

ಹಾಗಾದರೆ ಕನಿಷ್ಠ ಬೆಲೆ ಎಷ್ಟಿಡಬೇಕು? ಅದನ್ನು ಸರಿಯಾಗಿ ಇಡಲು ಕೊಳ್ಳುವವರ ಅಂದಾಜುಗಳು ಹೇಗೆ ಹರಡಿವೆ ಎಂಬುದು ಮತ್ತೆ ಗೊತ್ತಿರಬೇಕು. ಇಲ್ಲಿ ನನಗೆ ಅತ್ಯಂತ ಪ್ರಿಯವಾದ ಫಲಿತಾಂಶ ಜೆರೆಮಿ ಬುಲೋ ಮತ್ತು ಪಾಲ್ ಕ್ಲೆಂಪೆರರ್ ಅವರದು, 1996ರದು. ಕೊಳ್ಳುವವರೆಲ್ಲ ಒಂದೇ ಬಗೆಯವರು, ಅವರ ಅಂದಾಜುಗಳಿಗೆ ಪರಸ್ಪರ ನಂಟಿಲ್ಲ, ಅವುಗಳ ಹರಡುವಿಕೆ ವಿಪರೀತವಲ್ಲ ಎಂದಿಟ್ಟುಕೊಳ್ಳಿ. ಆಗ ಎಲ್ಲ ಲೆಕ್ಕ ಹಾಕಿ ಇಟ್ಟ ಕನಿಷ್ಠ ಬೆಲೆಗಿಂತ, ಕನಿಷ್ಠ ಬೆಲೆಯೇ ಇಲ್ಲದ ಹರಾಜಿಗೆ ಇನ್ನೊಬ್ಬ ಕೊಳ್ಳುವವರನ್ನು ಕರೆತಂದರೆ ಮಾರುವವರಿಗೆ ಸರಾಸರಿ ಬರುವ ಹಣ ಕಡಿಮೆಯಾಗುವುದಿಲ್ಲ.