ಹುಟ್ಟಿದ ಜಾಗ ಬಿಟ್ಟು ನಡೆಯುವ ನರಕೋಶಗಳು

ಇವತ್ತು ನವಿಲುತೀರ್ಥದಿಂದ ಶುರು ಮಾಡೋಣ. ಸವದತ್ತಿ ಹತ್ತಿರ ಮಲಪ್ರಭಾ ಹೊಳಿಗೆ ಡ್ಯಾಮ್ ಕಟ್ಟಿದ್ದಾರಲ್ಲ, ಅದೇ ಜಾಗ. ಆ ಹೆಸರಿಗೆ ನಮ್ಮ ಕಡೆ ಒಂದು ಕಥೆ ಹೇಳ್ತಾರೆ. ಹೊಳಿ ಗುಡ್ಡದ ಬುಡಕ್ಕೆ ಬಂದು ದಾರಿ ಕಾಣದೆ ನಿಂತಾಗ ನವಿಲೊಂದು ಕೂಗಿತಂತೆ. ಆ ದನಿ ಬಂದ ಕಡೆ ಹೊಳಿ ಗುಡ್ಡ ಸೀಳಿಕೊಂಡು ಹರಿಯಿತಂತೆ. ಭೂವಿಜ್ಞಾನದವರು ಒಪ್ಪಲಿಕ್ಕಿಲ್ಲ, ಇರಲಿ. ತಾಯಿಯ ಹೊಟ್ಟೆಯೊಳಗಿನ ಕೂಸಿನ ಮೆದುಳಿನಲ್ಲಿ ಮಾತ್ರ ಹೆಚ್ಚುಕಡಿಮೆ ಇಂಥದ್ದೇ ನಡೆಯುತ್ತದೆ.

ನಮ್ಮ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಬಹುತೇಕ ಕೋಶಗಳು ತಾವು ಕೆಲಸ ಮಾಡುವ ಜಾಗದಲ್ಲಿ ಹುಟ್ಟುವುದೇ ಇಲ್ಲ. ಯೋಚನೆ, ಮಾತು, ನೆನಪು ಎಲ್ಲಕ್ಕೂ ಬೇಕಾದ ಆ ಮಡಿಕೆ ಮಡಿಕೆಯ ಹೊರಪದರ ಇದೆಯಲ್ಲ, ಅಲ್ಲಿರುವ ಕೋಶಗಳು ಹುಟ್ಟೋದು ಒಳಗೆ, ದ್ರವ ತುಂಬಿದ ಪೊಳ್ಳುಗಳ ಗೋಡೆಯ ಹತ್ತಿರ. ಅಲ್ಲಿಂದ ಹೊರಕ್ಕೆ ನಡೆದುಕೊಂಡೇ ಬರಬೇಕು. ಈ ನಡಿಗೆ ಬಹಳ ಜೋರಾಗಿ ನಡೆಯೋದು ಗರ್ಭದ ಮೂರರಿಂದ ಐದನೇ ತಿಂಗಳಲ್ಲಿ.

ಹೆಂಗ ಬರ್ತಾವ? ಮಲ್ಲಗಂಬ ನೋಡಿದೀರಲ್ಲ? ಒಳಗೋಡೆಯಿಂದ ಹೊರಮೈವರೆಗೆ ಉದ್ದಕ್ಕೆ ಚಾಚಿಕೊಂಡ ರೇಡಿಯಲ್ ಗ್ಲಿಯಾ ಅನ್ನೋ ಕೋಶಗಳಿರ್ತವೆ. ಅವುಗಳ ಎಳೆಯೇ ಕಂಬ. ನರಕೋಶ ಮುಂದಕ್ಕೊಂದು ಕೈ ಚಾಚಿ ಎಳೆ ಹಿಡಿಯುತ್ತದೆ, ಆಮೇಲೆ ಒಳಗಿರುವ ನ್ಯೂಕ್ಲಿಯಸ್ಸನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಮತ್ತೆ ಕೈ, ಮತ್ತೆ ಎಳೆತ. ಹೊಳಿ ಇಳಿಜಾರಿಗೆ ಹರಿಯುತ್ತದೆ, ಇದು ಮೈ ಎಳಕೊಂಡು ಏರಬೇಕು. ಆ ಎಳೆಯುವ ಮೋಟಾರಿನ ಹೆಸರು ಡೈನೀನ್. ಅದಕ್ಕೆ ಜೊತೆಯಾಗಿ ಲಿಸ್1 ಅನ್ನೋ ಪ್ರೋಟೀನ್ ಬೇಕು.

ಇನ್ನು ನವಿಲಿನ ಕೂಗು. ಮೇಲ್ಮೈಯಲ್ಲಿ ಕುಳಿತ ಕೆಲವು ಕೋಶಗಳು ರೀಲಿನ್ ಎಂಬ ಪ್ರೋಟೀನನ್ನು ಹೊರಕ್ಕೆ ಬಿಡುತ್ತವೆ. ಅದು ಏರಿ ಬರುವ ಕೋಶದ ಮೈಮೇಲಿನ ರಿಸೆಪ್ಟರ್‌ಗೆ ಅಂಟುತ್ತದೆ. ಆಗ ಕೋಶದೊಳಗೆ ಡ್ಯಾಬ್1 ಅನ್ನೋ ಇನ್ನೊಂದು ಪ್ರೋಟೀನ್ ಚುರುಕಾಗಿ, ಯಾವ ಪದರದಲ್ಲಿ ನೆಲೆ ನಿಲ್ಲಬೇಕು ಅನ್ನೋದು ತೀರ್ಮಾನವಾಗುತ್ತದೆ. ಮಜಾ ಏನಂದ್ರೆ, ತಡವಾಗಿ ಹುಟ್ಟಿದವು ಮೊದಲು ಬಂದವನ್ನು ದಾಟಿ ಇನ್ನೂ ಮೇಲೆ ಹೋಗಿ ಕೂರುತ್ತವೆ. ಬಸ್ಸಿನಲ್ಲಿ ಹೀಗೆ ಮಾಡಿದ್ರೆ ಜಗಳ ಆಗ್ತಿತ್ತು.

ಈ ಸುಳಿವು ಸಿಕ್ಕಿದ್ದು ಓಲಾಡುತ್ತಾ ನಡೆಯುವ ಇಲಿಯಿಂದ. 1951ರಲ್ಲಿ ಎಡಿನ್‌ಬರ್ಗ್‌ನ ಡಗ್ಲಸ್ ಫಾಲ್ಕನರ್ ಅಂಥ ಇಲಿಗಳ ಬಗ್ಗೆ ಬರೆದರು. ಅವುಗಳ ಮೆದುಳಿನ ಪದರಗಳು ತಲೆಕೆಳಗಾಗಿದ್ದವು. ಕಾರಣವಾದ ರೀಲಿನ್ ಜೀನ್ ಸಿಕ್ಕಿದ್ದು 1995ರಲ್ಲಿ. ದಾರಿ ತೋರುವ ಇನ್ನೊಂದು ಪ್ರೋಟೀನ್ ನೆಟ್ರಿನ್. ಅದರ ಹೆಸರು ಬಂದದ್ದು ಸಂಸ್ಕೃತದ ‘ನೇತೃ’ ಶಬ್ದದಿಂದ, ನಮ್ಮ ‘ನೇತಾರ’ ಇದ್ದಾನಲ್ಲ, ಅದೇ ಮೂಲ. ಒಂದೇ ನೆಟ್ರಿನ್ ಕೆಲವು ಕೋಶಗಳಿಗೆ ‘ಬಾ’ ಅನ್ನುತ್ತದೆ, ಕೆಲವಕ್ಕೆ ‘ಹತ್ತಿರ ಬರಬೇಡ’ ಅನ್ನುತ್ತದೆ. ಕೇಳುವ ಕೋಶದ ಬಳಿ ಯಾವ ರಿಸೆಪ್ಟರ್ ಇದೆ ಅನ್ನೋದರ ಮೇಲೆ ಅರ್ಥ ಬದಲು.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ನಡಿಗೆ ಕೆಟ್ಟರೆ ಏನಾಗುತ್ತದೆ ಅನ್ನೋದು ನಮ್ಮ ಮನೆಗಳ ಮಾತು. ಲಿಸ್1 ಜೀನ್ ಕೆಟ್ಟಾಗ ಮಡಿಕೆಗಳೇ ಬಾರದೆ ಮೆದುಳು ನುಣ್ಣಗಾಗಬಹುದು. ಅಂಥ ಕೂಸಿಗೆ ಎಳವೆಯಲ್ಲೇ ಫಿಟ್ಸ್ ಬರುತ್ತದೆ, ಬೆಳವಣಿಗೆ ಬಹಳ ಹಿಂದೆ ಬೀಳುತ್ತದೆ. ಇನ್ನು ಕೆಲವರಲ್ಲಿ ಕೋಶಗಳ ಸಣ್ಣ ಗುಂಪೊಂದು ಹುಟ್ಟಿದ ಜಾಗದಲ್ಲೇ ಉಳಿದಿರುತ್ತದೆ. ಅವರು ಓದಿನಲ್ಲಿ ಜಾಣರೇ ಇರಬಹುದು, ಕಾಲೇಜು ಹೊತ್ತಿಗೆ ಮೊದಲ ಫಿಟ್ಸ್ ಬರಬಹುದು. ಎಂಆರ್‌ಐ ಮಾಡಿಸಿದಾಗಲೇ ಗೊತ್ತಾಗೋದು.

ಆಗ ಮನೆಯವರು ಕೇಳೋ ಮೊದಲ ಪ್ರಶ್ನೆ, ‘ಬಸುರಿದ್ದಾಗ ಏನು ತಿಂದಿ, ಎಲ್ಲಿ ಹೋಗಿದ್ದಿ?’ ಸಿಟ್ಟು ಬರ್ತದ ನನಗೆ. ಲಿಸ್1 ದೋಷ ಬಹುತೇಕ ಆ ಕೂಸಿನಲ್ಲೇ ಹೊಸದಾಗಿ ಹುಟ್ಟಿದ್ದು, ತಾಯಿ ತಂದೆ ಯಾರಲ್ಲೂ ಇರೋದಿಲ್ಲ. ರೀಲಿನ್ ಜೀನಿನ ದೋಷದಿಂದ ನುಣುಪು ಮೆದುಳು ಬರಬೇಕಾದರೆ ಮಾತ್ರ ಅಪ್ಪನಿಂದ ಒಂದು, ಅವ್ವನಿಂದ ಒಂದು, ಎರಡೂ ಕೆಟ್ಟ ಪ್ರತಿ ಕೂಡಿ ಬರಬೇಕು. ಅಕ್ಕನ ಮಗಳನ್ನು ತಗೊಳ್ಳೋದು, ಸೋದರತ್ತೆ ಮಗನಿಗೆ ಕೊಡೋದು ನಮ್ಮಲ್ಲಿ ವಾಡಿಕೆ. ರಕ್ತಸಂಬಂಧದಲ್ಲಿ ಇಬ್ಬರ ಬಳಿಯೂ ಅದೇ ಕೆಟ್ಟ ಪ್ರತಿ ಇರುವ ಸಂಭವ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ಅಪಾಯ ನಾಲ್ಕರಲ್ಲಿ ಒಂದು. ಮದುವಿ ಆಗಿಬಿಟ್ಟಿದ್ದರೆ ಗಾಬರಿ ಬೇಡ. ಮನೆತನದಲ್ಲಿ ಇಂಥ ಕೂಸು ಹುಟ್ಟಿದ್ದರೆ ಮುಂದಿನ ಬಸಿರಿಗೆ ಮೊದಲು ಜೆನೆಟಿಕ್ ಕೌನ್ಸೆಲಿಂಗ್ ಕೇಳಿ.

ಫಿಟ್ಸ್ ಬಂದವರ ಕೈಗೆ ಕೀಲಿಕೈ, ಮೂಗಿಗೆ ಉಳ್ಳಾಗಡ್ಡಿ ಬೇಡ, ಬಾಯಿಗೆ ಏನನ್ನೂ ತುರುಕಬೇಡಿ. ಮಗ್ಗುಲಿಗೆ ಹೊರಳಿಸಿ, ಮೊಬೈಲಿನಲ್ಲಿ ಟೈಮ್ ನೋಡಿ. ಐದು ನಿಮಿಷ ದಾಟಿದರೆ ದವಾಖಾನೆಗೆ ಒಯ್ಯಿರಿ. ಸಾಧ್ಯವಾದರೆ ಜೊತೆಗಿದ್ದವರು ವಿಡಿಯೊ ಮಾಡಿಟ್ಟುಕೊಳ್ಳಿ, ಡಾಕ್ಟರಿಗೆ ಅದು ಬಹಳ ಉಪಯೋಗ. ಎಲ್ಲವ್ವನ ಗುಡ್ಡಕ್ಕೆ ಹರಕೆ ಹೊತ್ತಿದ್ದರೆ ತೀರಿಸಿ ಬನ್ನಿ, ಗುಳಿಗಿ ಮಾತ್ರ ಬಿಡಬೇಡಿ. ಕೆಲವರಲ್ಲಿ ಗುಳಿಗಿಗೆ ಫಿಟ್ಸ್ ಬಗ್ಗೋದಿಲ್ಲ. ಅಂಥವರಲ್ಲಿ ಆಯ್ದ ಕೆಲವರಿಗೆ ಆಪರೇಷನ್ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ವ್ಯವಸ್ಥೆ ಇದೆ. ಹೋಗುವಾಗ ಎಂಆರ್‌ಐ ಸಿಡಿ ಮತ್ತು ಹಳೆಯ ಚೀಟಿಗಳನ್ನೆಲ್ಲ ಒಂದೇ ಚೀಲದಲ್ಲಿ ಹಾಕಿಕೊಂಡು ಹೋಗ್ರಿ.