ಕೆಂಪು ಬಾಳೆಯ ನೆತ್ತಿಯ ಗುಟ್ಟು

ಕಲಬುರಗಿಯ ಐವಾನ್-ಎ-ಶಾಹಿ ಕಡೆಯಿಂದ ಹೊರಟು ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ ಸಿಗುತ್ತದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಕೆಂಪು ಬಾಳೆಯ ಊರು ಅದು. ಆ ಹಣ್ಣು ತಿನ್ನುವಾಗ ಎಂದಾದರೂ ಬೀಜ ಹಲ್ಲಿಗೆ ಸಿಕ್ಕಿದೆಯೇ? ಇಲ್ಲವಲ್ಲ! ಹಾಗಾದರೆ ಹೊಸ ಗಿಡ ಎಲ್ಲಿಂದ ಬರುತ್ತದೆ?

ತಾಯಿಗಿಡದ ಬುಡದಲ್ಲಿ ಏಳುವ ಕಂದುಗಳಿಂದ. ಒಂದು ಕಂದನ್ನು ಗಡ್ಡೆ ಸಮೇತ ಅಗೆದು ಬೇರೆ ಕಡೆ ಹಚ್ಚಿದರೆ ಸಾಕು, ಎಲೆ, ಹೂ, ಗೊನೆ ಎಲ್ಲವೂ ಅದರಿಂದಲೇ ಬರುತ್ತವೆ. ಇಷ್ಟೆಲ್ಲ ಆಗುವ ಶಕ್ತಿ ಆ ಪುಟ್ಟ ಕಂದಿನಲ್ಲಿ ಎಲ್ಲಿ ಕೂತಿದೆ, ಹುಡುಕೋಣ ಬನ್ನಿ.

ಬಾಳೆಯ ದಪ್ಪ ಕಂಬವನ್ನು ಯಾರಾದರೂ ಅಡ್ಡ ಕಡಿದಾಗ ಹತ್ತಿರ ಹೋಗಿ ನೋಡಿ. ಒಳಗೆ ಕಟ್ಟಿಗೆಯೇ ಇಲ್ಲ. ಎಲೆಗಳ ಬುಡಗಳು ಒಂದರ ಮೇಲೊಂದು ಸುತ್ತಿಕೊಂಡಿವೆ. ಒಂದೊಂದು ಪದರದಲ್ಲೂ ಗಾಳಿ ತುಂಬಿದ ಸಣ್ಣ ಸಣ್ಣ ಗೂಡುಗಳ ಸಾಲು. ನಿಜವಾದ ಕಾಂಡ ಮಣ್ಣಿನೊಳಗಿನ ಗಡ್ಡೆಯೇ. ಅದರ ನೆತ್ತಿಯ ಮೇಲೆ, ಎಳೆಯ ಎಲೆಗಳು ಕವಿದುಕೊಂಡಿರುವ ಕಡೆ, ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಚಿಕ್ಕ ತುದಿಯೊಂದಿದೆ. ಕಾಂಡಕೋಶಗಳ ಮನೆ ಅದು.

ಜೀವಕೋಶ ಎಂದರೆ ಗಿಡವನ್ನೂ ನಿಮ್ಮನ್ನೂ ಕಟ್ಟಿರುವ ಅತಿ ಸಣ್ಣ ತುಣುಕು. ಎಲೆಯ ಕೋಶ ಎಲೆಯಾಗಿಯೇ ಉಳಿಯುತ್ತದೆ. ತುದಿಯ ಕಾಂಡಕೋಶಗಳು ಮಾತ್ರ ಇನ್ನೂ ಏನೂ ಆಗಿಲ್ಲ, ಏನು ಬೇಕಾದರೂ ಆಗಬಲ್ಲವು. ಅವು ಒಡೆದು ಹೆಚ್ಚುತ್ತವೆ. ಕೆಲವು ಎಲೆಯಾಗಲು ಹೊರಡುತ್ತವೆ, ಉಳಿದವು ಹಾಗೇ ಕಾದಿರುತ್ತವೆ.

ಸೋಜಿಗವೇನೆಂದರೆ, ಎರಡೂ ಬಗೆಯ ಕೋಶಗಳಲ್ಲಿ ಬರೆದಿಟ್ಟ ಬರಹ ಒಂದೇ! ಅದರ ಹೆಸರು ಡಿಎನ್‌ಎ, ನಾಲ್ಕೇ ಅಕ್ಷರಗಳ ಉದ್ದನೆಯ ಎಳೆ. ಕೆಂಪು ಬಾಳೆಯ ಒಂದು ಕೋಶದಲ್ಲಿ ಈ ಬರಹದ ಮೂರು ಪ್ರತಿಗಳಿವೆ. ಮೂರಾದ್ದರಿಂದ ಪ್ರತಿಗಳ ಜೋಡಿ ಸರಿಹೊಂದುವುದಿಲ್ಲ. ಬೀಜ ಕಟ್ಟದಿರುವುದಕ್ಕೆ ಇದೂ ಕಾರಣ. ಎಲ್ಲ ಎಳೆಗಳನ್ನೂ ಸಾಲಾಗಿ ಜೋಡಿಸಿದರೆ ಸುಮಾರು ಅರ್ಧ ಮೀಟರ್ ಆಗುತ್ತದೆ. ಅಷ್ಟುದ್ದದ್ದು ಕಣ್ಣಿಗೇ ಕಾಣದ ಕೋಶದೊಳಗೆ ಹಿಡಿಯುವುದು ಹೇಗೆ?

ಒಂದು ಆಟ ಆಡೋಣ. ನೋಟುಬುಕ್ಕಿನ ಹಾಳೆಯಿಂದ ಉದ್ದನೆಯ ಪಟ್ಟಿ ಕತ್ತರಿಸಿ, ಅದರ ಮೇಲೆ ಅ, ಆ, ಇ, ಈ ಬರೆಯುತ್ತಾ ಹೋಗಿ. ಈಗ ಬರಹ ಒಳಮುಖವಾಗಿರುವಂತೆ ಪಟ್ಟಿಯನ್ನು ಸೀಮೆಸುಣ್ಣದ ತುಂಡೊಂದಕ್ಕೆ ಎರಡು ಸುತ್ತು ಸುತ್ತಿ. ಸ್ವಲ್ಪ ಜಾಗ ಬಿಟ್ಟು ಇನ್ನೊಂದು ತುಂಡಿಗೆ ಸುತ್ತಿ, ಮತ್ತೊಂದಕ್ಕೆ ಸುತ್ತಿ. ಪಟ್ಟಿ ಗಿಡ್ಡವಾಯಿತು, ಆದರೆ ಸುತ್ತಿನೊಳಗೆ ಸೇರಿದ ಅಕ್ಷರ ಓದಲು ಬರುವುದಿಲ್ಲ, ಅಲ್ಲವೇ? ಕೋಶದಲ್ಲಿ ಸೀಮೆಸುಣ್ಣದ ಜಾಗದಲ್ಲಿರುವುದು ಹಿಸ್ಟೋನ್ ಎಂಬ ಪ್ರೋಟೀನಿನ ಉಂಡೆ. ಒಂದೊಂದು ಉಂಡೆಗೂ 147 ಜೋಡಿ ಅಕ್ಷರಗಳಷ್ಟು ಎಳೆ ಸುತ್ತಿಕೊಳ್ಳುತ್ತದೆ. ಎಳೆ, ಉಂಡೆ ಎಲ್ಲ ಸೇರಿದ್ದಕ್ಕೆ ಕ್ರೊಮಾಟಿನ್ ಎನ್ನುತ್ತಾರೆ.

ಈಗ ಒಂದು ತುಂಡನ್ನು ಪಟ್ಟಿಯುದ್ದಕ್ಕೂ ಮೆಲ್ಲಗೆ ಉರುಳಿಸಿ. ಅಡಗಿದ್ದ ಅಕ್ಷರ ಹೊರಬಂತು, ಬೇರೆಯದು ಅಡಗಿತು! ಕೋಶದೊಳಗೆ ಇದೇ ಕೆಲಸ ಮಾಡುವ ಪ್ರೋಟೀನು ಯಂತ್ರಗಳಿವೆ. ಅವು ಎಟಿಪಿ ಎಂಬ ಇಂಧನ ಖರ್ಚು ಮಾಡಿ ಉಂಡೆಗಳನ್ನು ಸರಿಸುತ್ತವೆ, ಒಮ್ಮೊಮ್ಮೆ ಕಿತ್ತೇ ಹಾಕುತ್ತವೆ. ಬರಹ ಒಂದೇ ಆದರೂ, ಅದರ ಯಾವ ಭಾಗ ಓದಲು ಸಿಗುತ್ತದೆ ಎಂಬುದರ ಮೇಲೆ ಕೋಶ ಏನಾಗುತ್ತದೆ ಎಂಬುದು ನಿಂತಿದೆ.

ಸಾಸಿವೆಯ ಬಳಗದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದ್ದಾರೆ. ಕಾಂಡಕೋಶಗಳನ್ನು ಕಾಂಡಕೋಶಗಳಾಗಿಯೇ ಉಳಿಸಲು ಆ ಗಿಡಕ್ಕೆ ವುಶೆಲ್ ಎಂಬ ಜೀನ್, ಅಂದರೆ ಡಿಎನ್‌ಎ ಬರಹದ ಒಂದು ಭಾಗ, ಬೇಕು. ಆ ಜೀನನ್ನು ಸರಿಯಾಗಿ ಓದಿಸಲು ಸ್ಪ್ಲೇಯ್ಡ್ ಎಂಬ ಯಂತ್ರ ಬೇಕೆಂದು ಅಮೆರಿಕದ ಡೋರಿಸ್ ವ್ಯಾಗ್ನರ್ ಅವರ ತಂಡ 2005ರಲ್ಲಿ ತೋರಿಸಿತು. ಸ್ಪ್ಲೇಯ್ಡ್ ಕೆಟ್ಟ ಗಿಡದಲ್ಲಿ ತುದಿಯ ಕಾಂಡಕೋಶಗಳು ಬೇಗ ಮುಗಿದುಹೋದವು. ಬಾಳೆಯಲ್ಲೂ ಇದೇ ಕುಲದ ಯಂತ್ರಗಳಿವೆ.

ಪ್ರಾಣಿಗಳ ಕಥೆಯೂ ಇದಕ್ಕೆ ಹತ್ತಿರದ್ದೇ. 2009ರಲ್ಲಿ ಇಲಿಯ ಭ್ರೂಣದ ಕಾಂಡಕೋಶಗಳಲ್ಲಿ ಸಿಎಚ್‌ಡಿ1 ಎಂಬ ಯಂತ್ರವನ್ನು ಕಡಿಮೆ ಮಾಡಿ ನೋಡಿದರು. ಬಿಗಿಯಾಗಿ ಸುತ್ತಿಕೊಂಡ ಕ್ರೊಮಾಟಿನ್ ಹೆಚ್ಚಾಯಿತು. ಏನು ಬೇಕಾದರೂ ಆಗಬಲ್ಲೆವು ಎಂಬಂತಿದ್ದ ಕೋಶಗಳು ನರಕೋಶದ ಕಡೆಗೇ ವಾಲತೊಡಗಿದವು. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ, ಮನೀಷಾ ಇನಾಮದಾರ್ ಅವರ ತಂಡ ಮನುಷ್ಯರ ಇಂಥ ಕಾಂಡಕೋಶಗಳ ಎರಡು ತಳಿಗಳನ್ನೇ ಬೆಳೆಸಿದೆ.

ಇನ್ನು, ಗೊನೆ ಕೊಯ್ದ ಮೇಲೆ ರೈತರು ತಾಯಿಗಿಡವನ್ನು ಯಾಕೆ ಕಡಿಯುತ್ತಾರೆ ಎಂದು ನೀವೇ ಊಹಿಸಬಲ್ಲಿರಿ. ಅದರ ತುದಿ ಎಲೆ ಮಾಡುವುದನ್ನು ಬಿಟ್ಟು ಹೂವಿನ ಕೆಲಸಕ್ಕೆ ಇಳಿದು, ಕಂಬದ ನಡುವಿನಿಂದ ಮೇಲೇರಿ ಗೊನೆ ಬಿಟ್ಟಾಗಿದೆ. ಮತ್ತೆ ಎಲೆ ಮಾಡುವ ಕೆಲಸಕ್ಕೆ ಅದು ಮರಳುವುದಿಲ್ಲ. ಮುಂದಿನ ಗೊನೆಗೆ ಪಕ್ಕದ ಕಂದಿನ ನೆತ್ತಿಯಲ್ಲಿ ಬೇರೆ ಕಾಂಡಕೋಶಗಳು ಆಗಲೇ ಕೆಲಸ ಶುರು ಮಾಡಿರುತ್ತವೆ.