ಒಂದೇ ತಕ್ಕಡಿ ಇರಲಿ



ನೀವು ಆಡುವ ವಿಡಿಯೋ ಗೇಮಿನ ಹಿಂದೆ ಯಾರ ಹಣವಿದೆಯೆಂದು ಯೋಚಿಸಿದ್ದೀರಾ? ಚೀನಾದ ಟೆನ್ಸೆಂಟ್ ಪಾಲು ಹೊಂದಿರುವ ಗೇಮ್ ಕಂಪನಿಗಳಿಗೆ, ಆಟಗಾರರ ಮಾಹಿತಿ ಹೇಗೆ ಕಾಪಾಡುತ್ತೀರಿ ಎಂದು ಅಮೆರಿಕ 2020ರಲ್ಲಿ ಪ್ರಶ್ನೆ ಹಾಕಿತು. 2025ರ ಸೆಪ್ಟೆಂಬರ್‌ನಲ್ಲಿ ಸೌದಿ ಸರಕಾರದ ಹೂಡಿಕೆ ನಿಧಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯನ್ನು 5,500 ಕೋಟಿ ಡಾಲರಿಗೆ ಕೊಳ್ಳುವ ಒಪ್ಪಂದ ಮಾಡಿಕೊಂಡಿತು. ಜೊತೆಗಿದ್ದ ಇಬ್ಬರು ಪಾಲುದಾರರಲ್ಲಿ ಒಂದು, ಅಧ್ಯಕ್ಷ ಟ್ರಂಪ್ ಅವರ ಅಳಿಯ ಜೇರೆಡ್ ಕುಶ್ನರ್ ಸ್ಥಾಪಿಸಿದ ಸಂಸ್ಥೆ.

ಮಾಹಿತಿಯ ಭಯ ನಿಜವಾದರೆ ಅದೇ ಪ್ರಶ್ನೆ ಸೌದಿಗೂ ಅಷ್ಟೇ ಗಟ್ಟಿಯಾಗಿ ಬರಬೇಕು. ವೈರಿಗೊಂದು ತಕ್ಕಡಿ, ಬೀಗರಿಗೊಂದು ತಕ್ಕಡಿ ನ್ಯಾಯವಲ್ಲ.

ಆದರೆ ಸೌದಿ ನಮ್ಮವರದೆಂದು ನಾವು, 2018ರಲ್ಲಿ ಇಸ್ತಾಂಬುಲ್‌ನ ಸೌದಿ ದೂತಾವಾಸದಲ್ಲಿ ನಡೆದ ಪತ್ರಕರ್ತ ಜಮಾಲ್ ಖಶೋಗಿಯವರ ಕೊಲೆಯ ಬಗ್ಗೆ ಬಾಯಿ ಮುಚ್ಚಿಕೊಂಡರೆ, ನಮ್ಮ ಕೈಯಲ್ಲಿರುವುದೂ ಅದೇ ಎರಡು ತಕ್ಕಡಿ. ಆಟವಾಡಿ, ಆದರೆ ಲೆಕ್ಕ ಕೇಳುವುದನ್ನು ಬಿಡಬೇಡಿ.